ವ್ಯಾಪಾರಿಯ ಹೆಂಡತಿಯ ಎಡಗೆನ್ನೆ

"ಬುದ್ಧಿ, ಮುಖ ಅವರದು, ಆಸೆಯೂ ಅವರದು. ತೆಳ್ಳಗೆ ಮಾಡಿಕೊಡು ಅನ್ನುತ್ತಾರೆ, ಮಾಡಿಕೊಡುತ್ತೇನೆ. ಖುಷಿಯಾಗಿ ಹೋಗುತ್ತಾರೆ. ಇದರಲ್ಲಿ ನನ್ನ ತಪ್ಪೇನು?"

ಕೇಳಿದವನು ಮರಿಸ್ವಾಮಿ, ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಮಠದ ಜಗಲಿಯಲ್ಲಿ ಗುರುಗಳ ಮುಂದೆ ಕೂತ, ಎದ್ದ, ಮತ್ತೆ ಕೂತ. ಹಿಂದಿನ ದಿನ ಒಬ್ಬ ಹೆಂಗಸಿನ ದುಂಡು ಮುಖವನ್ನು ಕಂಪ್ಯೂಟರಿನಲ್ಲಿ ಸಣ್ಣ ಮಾಡಿಕೊಟ್ಟಿದ್ದ. ಅವಳ ಅತ್ತೆ ಚಿತ್ರವನ್ನು ಕೈಗೆ ತೆಗೆದುಕೊಂಡು, "ಇದ್ಯಾರ ಮಗಳವ್ವ?" ಅಂದಿದ್ದಳು. ಎಲ್ಲರೂ ನಕ್ಕರು, ಮರಿಸ್ವಾಮಿಯೂ ನಕ್ಕ. ಆಮೇಲೆ ಅವನಿಗೆ ಊಟ ಸೇರಲಿಲ್ಲ. ಎಂದಿನಂತೆ ಅಸಲು ಚಿತ್ರವನ್ನು ಅಳಿಸಲು ಹೋದವನು ಅಳಿಸಲಾಗದೆ ಎದ್ದು ಬಂದಿದ್ದ.

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿ ಇದ್ದ. ಅವನ ಹೆಂಡತಿಯ ಬಾಯಲ್ಲಿ ಸದಾ ಎಲೆ ಅಡಿಕೆ. ಒಂದೇ ದವಡೆಗೆ ಒತ್ತಿಟ್ಟು ಒತ್ತಿಟ್ಟು ಅವಳ ಎಡಗೆನ್ನೆ ಉಬ್ಬಿಹೋಗಿತ್ತು. ಬಾಯಿ ಬರಿದಾದರೂ ಉಬ್ಬು ಇಳಿಯುತ್ತಿರಲಿಲ್ಲ.

"ಯಾರಿಗೆ ಬಚ್ಚಿಟ್ಟಿದ್ದೀಯೆ ಆ ಲಾಡು?" ಎಂದು ಗಂಡ ಛೇಡಿಸುವನು.

"ನಿಮಗಂತೂ ಅಲ್ಲ" ಎನ್ನುವಳು.

ಆಡುವುದು ಹಾಗೆ ಆಡಿದರೂ ಒಳಗೊಳಗೇ ನಾಚಿಕೆ. ಮದುವೆಮನೆಗಳಲ್ಲಿ ಫೋಟೋ ಅಂದರೆ ಯಾರದಾದರೂ ಬೆನ್ನ ಹಿಂದೆ ಸರಿದುಬಿಡುವಳು. ಹೊಸ ಅಂಗಡಿಯ ಪೂಜೆಯ ದಿನ ಮಾತ್ರ ಗಂಡ ಬಿಡಲಿಲ್ಲ, ಪಕ್ಕದಲ್ಲೇ ನಿಲ್ಲಿಸಿಕೊಂಡ. ಅವಳು ಫೋಟೋದವನ ಹತ್ತಿರ ಹೋಗಿ, "ಅಣ್ಣಾ, ಈ ಕೆನ್ನೆ ಒಂದಿಷ್ಟು ಇಳಿಸಿಬಿಡಿ" ಅಂದಳು. ಅವನು ಎರಡೂ ಕೆನ್ನೆಯನ್ನು ಇಳಿಸಿ ಸಮ ಮಾಡಿದ. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಅಸಲು ಚಿತ್ರವನ್ನು ಅಳಿಸಿದ.

"ಲಾಡು ಎಲ್ಲಿ ಹೋಯಿತೆ?" ಎಂದ ಗಂಡ, ಚಿತ್ರ ನೋಡಿ.

"ನುಂಗಿಬಿಟ್ಟೆ" ಎಂದು ಅವಳು ನಕ್ಕಳು.

ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ಮುಖ ಕಾಣುವ ಚಿತ್ರ ಅಂತ ಮನೆಯಲ್ಲಿದ್ದದ್ದು ಅದೊಂದೇ. ಅದರಲ್ಲಿ ಅವಳನ್ನಷ್ಟೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾರ ಹಾಕಿ ಗೋಡೆಗೆ ತೂಗಿಬಿಟ್ಟರು. ವ್ಯಾಪಾರಿ ಬೆಳಿಗ್ಗೆ ಅದಕ್ಕೆ ಕೈಮುಗಿದು ಅಂಗಡಿಗೆ ಹೋಗುವನು. ಸಂಜೆ ಬಂದು ಅದರ ಮುಂದೆ ಕೂರುವನು.

ವರ್ಷದ ತಿಥಿ ಹತ್ತಿರ ಬಂತು. ಒಂದು ದಿನ ಚಿತ್ರವನ್ನು ಹಾರದ ಸಮೇತ ಕಂಕುಳಲ್ಲಿ ಇರುಕಿಕೊಂಡು ಫೋಟೋದವನ ಹತ್ತಿರ ಓಡಿಬಂದ.

"ಇವಳ ಕೆನ್ನೆ ವಾಪಸು ಹಾಕಪ್ಪ. ಕಣ್ಣು ಮುಚ್ಚಿದರೂ ಈಗ ನಿನ್ನ ಚಿತ್ರವೇ ಬರುತ್ತದೆ. ಅವಳು ಬರುವುದಿಲ್ಲ."

ಫೋಟೋದವನು ಕಂಪ್ಯೂಟರಿನ ಮುಂದೆ ಕೂತ. ಅಸಲು ಇಲ್ಲ. ಇದ್ದದ್ದನ್ನೇ ತೆರೆದು ಕೆನ್ನೆ ಹಿಗ್ಗಿಸಿದ. ಹಲ್ಲುನೋವಿನವಳ ಹಾಗೆ ಕಂಡಳು. ತಗ್ಗಿಸಿದ. ಬೇರೆ ಯಾರೋ ಆದಳು.

"ನೀವೇ ಹೇಳಿ ಯಜಮಾನರೇ, ಎಷ್ಟಿತ್ತು?"

"ಇನ್ನೂ ಒಂಚೂರು... ಅಷ್ಟಲ್ಲ. ಇಲ್ಲಪ್ಪ, ಈ ಕಡೆ ಅಲ್ಲ."

"ಹಾಗಾದರೆ ಯಾವ ಕೆನ್ನೆ?"

ವ್ಯಾಪಾರಿ ತನ್ನ ಎಡಗೆನ್ನೆ ಮುಟ್ಟಿಕೊಂಡ. ಆಮೇಲೆ ಬಲಗೆನ್ನೆ ಮುಟ್ಟಿಕೊಂಡ. ಮತ್ತೆ ಎಡಗೆನ್ನೆಗೆ ಹೊರಟ ಕೈ ನಡುವೆಯೇ ನಿಂತುಹೋಯಿತು.

ಗುರುಗಳು ಅಲ್ಲಿಗೆ ಕತೆ ಬಿಟ್ಟರು.

ಮರಿಸ್ವಾಮಿ ತಡೆಯಲಾರದೆ ಎದ್ದು ನಿಂತ. "ಆದರೆ ಬುದ್ಧಿ, ಇಳಿಸು ಅಂದವಳು ಅವಳೇ ಅಲ್ಲವೆ? ಮುಖ ಅವಳದೇ ಅಲ್ಲವೆ?"

"ಅಷ್ಟು ವರ್ಷ ಆ ಮುಖವನ್ನು ನೋಡಿಕೊಂಡು ಬದುಕಿದವರು ಯಾರಪ್ಪ?"

ಮರಿಸ್ವಾಮಿ ಮೆಲ್ಲಗೆ ಕೂತ.