ಹದಿನಾಲ್ಕು ರೋಗಿಗಳು, ಒಂದೇ ಉಸಿರು

ಹದಿನಾಲ್ಕು ರೋಗಿಗಳ ಸ್ಥಿತಿಗತಿಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಗಂಡೊಬ್ಬ ಇದ್ದ ಅಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಿ. ಕೆಂಚಪ್ಪ ಹೇಳುತ್ತಿದ್ದ.

ಹೊಳೆದಂಡೆಯ ಆಶ್ರಮದಲ್ಲಿ ವೈದ್ಯವಿದ್ಯೆ ಕಲಿಯುವ ಶಿಷ್ಯರು ಸರದಿಯ ಮೇಲೆ ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು. ಹಗಲು ಕೆಂಚಪ್ಪನದು, ರಾತ್ರಿ ಈರಭದ್ರನದು. ಹೊತ್ತಿಳಿಯುತ್ತಲೇ ಅವನು ಹೆಗಲ ಮೇಲೆ ಪಂಚೆ ಹಾಕಿಕೊಂಡು, ಈಜಲು ಹೊರಟ ಕಾಲಲ್ಲೇ ನಿಂತು, ಬೇರು ಕುಟ್ಟುತ್ತಿದ್ದ ಈರಭದ್ರನಿಗೆ ಹದಿನಾಲ್ಕನ್ನೂ ಗಡಗಡ ಹೇಳಿ ಹೋಗುತ್ತಿದ್ದ.

ಈರಭದ್ರ ತಲೆ ಆಡಿಸುತ್ತಿದ್ದ.

ಒಂದು ಬೆಳಿಗ್ಗೆ ಆ ಹದಿನಾಲ್ವರಲ್ಲಿ ಒಬ್ಬಳಾದ ನಿಂಗವ್ವಜ್ಜಿಯ ನಾಡಿ ಕೈಗೆ ಸಿಗಲಿಲ್ಲ.

ನಿಲ್ಲಿಸಬೇಕಿದ್ದ ಕಷಾಯವನ್ನು ಈರಭದ್ರ ಕುಡಿಸಿಬಿಟ್ಟಿದ್ದ. ಗುರುಗಳು ಎರಡು ಹಗಲು ಅಜ್ಜಿಯ ಪಕ್ಕದಿಂದ ಏಳಲಿಲ್ಲ. ಮೂರನೆಯ ದಿನ ಅವಳು ಕಣ್ಣು ಬಿಟ್ಟು ಗಂಜಿ ಕೇಳಿದಳು.

ಆ ಮೂರು ದಿನ ಗುರುಗಳು ಕೆಂಚಪ್ಪನಿಗೆ ಒಬ್ಬ ರೋಗಿಯನ್ನೂ ಮುಟ್ಟಲು ಬಿಡಲಿಲ್ಲ. ವೈದ್ಯನಾಗಿಯೇ ಬರ್ತೀನಿ ಅಂತ ಊರೆಲ್ಲ ಸಾರಿ ಬಂದಿದ್ದವನು ಅವನು.

"ಗಂಟು ಕಟ್ಟಲೇ ಗುರುಗಳೇ?" ಅಂದ. "ಆದರೆ ಕಷಾಯ ಬೇಡ ಅಂತ ನಾನು ಹೇಳಿದ್ದೆ. ನನ್ನ ಬಾಯಲ್ಲಿ ಒಂದಕ್ಷರ ತಪ್ಪಲ್ಲ."

"ಅವನೇನಂದ?"

"ತಲೆ ಆಡಿಸಿದ."

"ಕೋಲೆಬಸವನೂ ಆಡಿಸುತ್ತೆ. ನಡಿ ಹೊಳೆಗೆ. ಭದ್ರನೂ ಬರಲಿ."

ಹೊಳೆಯ ನಡುವೆ ಎರಡು ಬಂಡೆ. ಒಂದರ ಮೇಲೆ ಕೆಂಚಪ್ಪ, ಇನ್ನೊಂದರ ಮೇಲೆ ಈರಭದ್ರ. ನಡುವಿನ ಸೆಳವಿನಲ್ಲಿ, ಕುತ್ತಿಗೆಮಟ್ಟ ನೀರಲ್ಲಿ, ಕೆಂಚಪ್ಪನ ಕೈ ಹಿಡಿದು ಗುರುಗಳು.

"ನಿಂಗವ್ವನನ್ನು ಒಪ್ಪಿಸಿದ ಹಾಗೆಯೇ ನನ್ನನ್ನೂ ಒಪ್ಪಿಸು."

"ಲೋ ಭದ್ರಾ, ಗುರುಗಳನ್ನ ಹಿಡ್ಕೊಳೋ."

ನೀರಿನ ಮೊರೆತದಲ್ಲಿ ಈರಭದ್ರ ತಲೆ ಆಡಿಸಿದ.

"ನೀನು ಹೇಳಿದ್ದಾಯ್ತು. ಅವನು ತಲೆ ಆಡಿಸಿದ್ದಾಯ್ತು. ಬಿಡು ಕೈ."

"ಅವನಿನ್ನೂ ಹಿಡಿದೇ ಇಲ್ಲವಲ್ಲ ಗುರುಗಳೇ."

"ಅವತ್ತು ಬಿಟ್ಟೆಯಲ್ಲ."

ಹಾಗಂದವರೇ ಕೈ ಕೊಸರಿಕೊಂಡರು.

ಬಿಳಿ ತಲೆ ಒಮ್ಮೆ ಕಂಡಿತು. ಮತ್ತೆ ಕಾಣಲಿಲ್ಲ.

ಕೆಂಚಪ್ಪ ಧುಮುಕಿದ. ಹತ್ತೂರ ಈಜುಗಾರರನ್ನು ಸೋಲಿಸಿದ ತೋಳುಗಳು ಅಂದು ಮರಗಟ್ಟಿದ್ದವು. ಮಡುವಿನ ಅಂಚಿನಲ್ಲಿ ಏನೋ ತಾಕಿತು. ಗುರುಗಳ ಜುಟ್ಟು. ಹಿಡಿದು ದಂಡೆಗೆ ಎಳೆದ.

ಗುರುಗಳು ನೀರು ಕಾರಿದರು, ಕೆಮ್ಮಿದರು, ಎದ್ದು ಕೂತರು. ಕೆಂಚಪ್ಪನ ಹಲ್ಲು ಕಟಕಟ ಅನ್ನುತ್ತಿತ್ತು.

ಗುರುಗಳು ಅವನ ಕೈ ಹಿಡಿದುಕೊಂಡರು.

"ನಿಂಗವ್ವನನ್ನು ನಿನಗೆ ಕೊಟ್ಟಿದ್ದೀನಿ. ಇವತ್ತೂ ಕಷಾಯ ಬೇಡ, ಗಂಜಿ ಮಾತ್ರ. ಉಸಿರು ಏರಿದರೆ ನನ್ನನ್ನು ಕರಿ."

ಕೆಂಚಪ್ಪ ತಲೆ ಆಡಿಸಿದ.

ಗುರುಗಳು ಕೈ ಬಿಡಲಿಲ್ಲ.

"ನಾನೇನಂದೆ, ಹೇಳು."