ತಾರವ್ವ ಕಟ್ಟಿದ ಬೇಲಿ

ಲೋಕ ಆಗಿನ್ನೂ ಹೊಸದು. ಯಾವ ಮಗ್ಗುಲಿಗೆ ಕೂತರೆ ಹಾಯಾಗಿರುತ್ತದೆ ಎಂದು ಗೊತ್ತಾಗದೆ ಬೆಟ್ಟಗಳು ಅತ್ತಿತ್ತ ಸರಿದಾಡುತ್ತಿದ್ದವು. ಹೊಳೆಗಳು ಹರಿಯುತ್ತಿದ್ದುದು ಕಡಿಮೆ, ಮಾತಾಡುತ್ತಿದ್ದುದು ಹೆಚ್ಚು. ಆಗ ಭೂಮಿಯ ಮೇಲೆ ಒಬ್ಬ ಅಪ್ಪ ಇದ್ದ, ಅವನಿಗೊಬ್ಬಳು ಮಗಳಿದ್ದಳು. ಮಗಳ ಹೆಸರು ತುಂಬೆ.

ಆ ಅಪ್ಪನ ತಲೆಯೊಳಗೆ ಒಂದು ಊರಿತ್ತು. ನಗಬೇಡಿ, ನಿಮ್ಮ ತಲೆಯೊಳಗೂ ಇದೆ.

ಆ ಊರಿನಲ್ಲಿ ನೂಲಿನ ಮಂದಿ ಇದ್ದರು. ಅವರ ಮೈ ಉದ್ದುದ್ದ ಎಳೆ. ಸುದ್ದಿ ಮುಟ್ಟಿಸುವುದು ಅವರ ಕೆಲಸ. ಅವರಲ್ಲಿ ಹೊನ್ನಿ ಎಂಬ ಹುಡುಗಿ ಮುಟ್ಟಿಸುತ್ತಿದ್ದದ್ದು ಒಂದೇ ಒಂದು ಮಾತು: ತುಂಬೆ. ಅವಳ ಎಳೆ ನೆನಪಿನ ಕೋಣೆಯಿಂದ ಹೊರಟು ನಾಲಿಗೆಯ ಬಾಗಿಲವರೆಗೆ ಚಾಚಿತ್ತು. ಅಪ್ಪ ಮಗಳನ್ನು ಕಂಡನೋ ಇಲ್ಲವೋ, ಹೊನ್ನಿ ಹೆಸರನ್ನು ಬಾಗಿಲಿಗೆ ತಲುಪಿಸಿ ಆಗಿರುತ್ತಿತ್ತು.

ಹೊಗಳಿಕೆಯೆಲ್ಲ ನೂಲಿನವರಿಗೆ, ಚಾಕರಿಯೆಲ್ಲ ಚುಕ್ಕಿಯವರಿಗೆ. ಚುಕ್ಕಿಯವರೆಂದರೆ ನಕ್ಷತ್ರದ ಹಾಗೆ ಸುತ್ತಲೂ ಕೈಯಿದ್ದವರು. ನೂಲಿನವರಿಗೆ ಉಣಿಸಬೇಕು, ನೀರು ಕೊಡಬೇಕು, ಎಂಜಲು ಬಳಿಯಬೇಕು. ಹೊನ್ನಿಯನ್ನು ಸಾಕಿದ ತಾರವ್ವ ಚುಕ್ಕಿಯವಳು. ಒಂದು ಕೈ ನೆತ್ತರ ಹೊಳೆಯಲ್ಲಿ, ಒಂದು ಕೈ ಹೊನ್ನಿಯ ಬಾಯಲ್ಲಿ. ಬೆಳಗಾದರೂ ಅದೇ, ಬೈಗಾದರೂ ಅದೇ. ಇಷ್ಟೊಂದು ಕೈಯಿದ್ದೂ ಸೊಂಟದ ಮೇಲೆ ಇಟ್ಟುಕೊಳ್ಳಲು ಒಂದೂ ಬಿಡುವಿರಲಿಲ್ಲ. ತಾರವ್ವ ದಣಿದಿದ್ದಳು.

ಚುಕ್ಕಿಯವರಲ್ಲಿ ಒಂದು ಕಟ್ಟಳೆಯಿತ್ತು. ಅವರವರ ಅಂಗಳ ಅವರವರಿಗೆ. ಪಕ್ಕದವಳ ಬೆರಳ ತುದಿ ಮುಟ್ಟಬಹುದು, ಅವಳ ಅಂಗಳಕ್ಕೆ ಕೈ ಹಾಕುವಂತಿಲ್ಲ. ತಾರವ್ವ ಮತ್ತು ಪಕ್ಕದ ಸಂಗವ್ವ ಬೆರಳ ತುದಿ ಮುಟ್ಟಿಕೊಂಡೇ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಕೈ ಜೋಲಬಾರದೆಂದು ಇಬ್ಬರೂ ಮೈಯೊಳಗೆ ಒಂದಿಷ್ಟು ನಾರು ಹೊಸೆದುಕೊಳ್ಳುತ್ತಿದ್ದರು, ಅಷ್ಟೇ.

ಒಂದು ದಿನ ಅಪ್ಪ ಜೇನು ಕೀಳಲು ಮರ ಹತ್ತಿದವನು ಕೈ ಜಾರಿ ಬಿದ್ದ. ತಲೆ ಕಲ್ಲಿಗೆ ಬಡಿಯಿತು.

ಊರು ನಡುಗಿತು. ನೆತ್ತರ ಹೊಳೆಯ ದಂಡೆ ಒಡೆಯಿತು. ನೂಲಿನವರು ಸಾಲುಸಾಲಾಗಿ ಹರಿದು ಬಿದ್ದರು. ಹೊನ್ನಿಯ ಎಳೆ ನಟ್ಟನಡುವೆ ತುಂಡಾಯಿತು. ಊರ ಕಾವಲಿನ ಭರಮಣ್ಣ ಓಡೋಡಿ ಬಂದ.

“ಏಳ್ರೀ, ಏಳ್ರೀ! ಸತ್ತವರ ಮೈಯಾಗಿನ ನಂಜು ಹಬ್ಬಾಕ ಹತ್ತೇತಿ!”

“ನಂದೇನೂ ತಪ್ಪಿಲ್ಲವ್ವಾ,” ಎಂದು ಹೊಳೆ ಅತ್ತಿತು. “ದಂಡಿ ಒಡದ್ರ ನಾ ಎಲ್ಲಿಗಿ ಹೋಗ್ಲಿ?”

ತಾರವ್ವ ಕೈಗಳನ್ನು ಚಾಚಿ ನಂಜನ್ನು ತಡೆದಳು. ಸಂಗವ್ವನೂ ತಡೆದಳು. ಆದರೆ ಎರಡು ಅಂಗಳಗಳ ನಡುವಿನ ಸಂದಿಯಲ್ಲಿ ನಂಜು ನುಸುಳಿತು.

“ಸಂಗವ್ವಾ, ಕೈ ಈ ಕಡೆ ಹಾಕು.”

“ನಿನ್ನ ಅಂಗಳಕ್ಕ? ಹಿರೇರು ಏನಂದಾರು?”

“ಹಿರೇರು ನಂಜಿನಾಗ ತೇಲಾಕ ಹತ್ಯಾರ. ಹಾಕ ಕೈ!”

ಅಂದು ಮೊದಲ ಬಾರಿಗೆ ಚುಕ್ಕಿಯವರು ಅಂಗಳ ದಾಟಿದರು. ಆ ಊರಿನಲ್ಲಿ ಕಟ್ಟಿಗೆಯಿಲ್ಲ, ಕಲ್ಲಿಲ್ಲ. ಬೇಲಿ ಕಟ್ಟಬೇಕಾದರೆ ಮೈಯ ನಾರೇ ಗತಿ. ಹೊಸೆದರು, ಇನ್ನೂ ಹೊಸೆದರು. ಕೈಗಳು ದಪ್ಪಗಾಗಿ ಒರಟಾದವು. ಒಬ್ಬಳ ಕೈಯ ಮೇಲೆ ಇನ್ನೊಬ್ಬಳ ಕೈ, ಅದರ ಮೇಲೆ ಮತ್ತೊಬ್ಬಳದು. ಗಾಯದ ಸುತ್ತ ಬೇಲಿ ಎದ್ದಿತು.

ತುಂಡಾದ ಹೊನ್ನಿ ಬೇಲಿಯ ಈಚೆಗೆ ಉಳಿದಿದ್ದಳು. ನಾಲಿಗೆಯ ಬಾಗಿಲು ಆಚೆಗಿತ್ತು.

“ತಾರವ್ವಾ, ಒಂದೀಟು ಸಂದಿ ಬಿಡು. ಎಳಿ ಬೆಳಸಕೊಂತ ಆ ಕಡೆ ಹೋಗ್ತೀನಿ. ಹುಡುಗಿ ಕಾಯತಿರ್ತಾಳ.”

“ಸಂದಿ ಬಿಟ್ರ ನಂಜು ಮೊದಲ ನಿನ್ನ ನುಂಗತೇತಿ,” ಎಂದಳು ತಾರವ್ವ. “ಅದು ಇಳೀಲಿ, ನಾನಾ ಬಿಚ್ಚಿ ಕೊಡ್ತೀನಿ. ನನ್ನ ಆಣಿ.”

ದಿನಗಳು ಕಳೆದವು. ಭರಮಣ್ಣ ಕೊಳೆತದ್ದನ್ನೆಲ್ಲ ತಿಂದು ತೆರವು ಮಾಡಿ, ಅಲ್ಲೇ ಮಲಗಿಬಿಟ್ಟ. ನಂಜು ಇಳಿಯಿತು. ಆಗ ಕಿವಿಯ ಕಿಂಡಿಯಿಂದ ಗಾಳಿ ಒಳಗೆ ಬಂದು ಹೊರಗಿನ ಸುದ್ದಿ ಹೇಳಿತು:

“ತುಂಬೆ ಅಪ್ಪನ ತಲಿ ತೊಡಿ ಮ್ಯಾಲ ಇಟಗೊಂಡು ಕುಂತಾಳ. ‘ಅಪ್ಪಾ, ನನ್ನ ಹೆಸರ ಹೇಳು, ನಾ ಯಾರು?’ ಅಂತಾಳ. ಅವ ಬಾಯಿ ತಗೀತಾನ. ಹೆಸರು ಬರೂದಿಲ್ಲ, ಬರೇ ನಾ ಹೊರಗ ಬರ್ತೀನಿ. ಮರುಗಾಕ ಹತ್ಯಾಳ ಕೂಸು.”

ತಾರವ್ವನಿಗೆ ತನ್ನ ಆಣೆ ನೆನಪಾಯಿತು. ಬೇಲಿ ಬಿಚ್ಚಲು ಹೊರಟಳು. ಆದರೆ ಯಾವ ಕೈ ಯಾರದು? ತನ್ನದೆಂದು ಒಂದನ್ನು ಎಳೆದಳು, ಸಂಗವ್ವ ಚೀರಿದಳು. ಸಂಗವ್ವನದೆಂದು ಇನ್ನೊಂದನ್ನು ಎಳೆದಳು, ತನಗೇ ಪ್ರಾಣ ಹೋದಂತಾಯಿತು. ನಾರು ಗಟ್ಟಿಯಾಗಿ ಕೂತುಬಿಟ್ಟಿತ್ತು. ಹುಟ್ಟಿದಾಗಿನಿಂದ ಅಂಗಳ ದಾಟದವರು ಅವರು. ಹೆಣೆದ ಕೈ ಬಿಡಿಸಿಕೊಳ್ಳುವುದನ್ನು ಅವರಿಗೆ ಯಾರು ಕಲಿಸಿದ್ದರು?

ಎಳೆದಾಡಿದಾಗ ಮುರಿದ ನಾರಿನ ಚೂರುಗಳನ್ನು ಹೊಳೆ ಎತ್ತಿಕೊಂಡಿತು. “ತೋಳಿನತನಾ ಒಯ್ತೀನವ್ವಾ. ಒಳಗಿನ ಕಷ್ಟ ಹೊರಗ ಯಾರಿಗರ ತಿಳೀಲಿ,” ಎಂದಿತು. ತಲೆಗೆ ಪೆಟ್ಟಾದವರ ತೋಳಿನಿಂದ ಈಗ ಡಾಕ್ಟರು ನೆತ್ತರು ತೆಗೆದು ಒಳಗಿನ ಪೆಟ್ಟು ಎಷ್ಟೆಂದು ನೋಡುತ್ತಾರಲ್ಲ, ಅವರು ಹುಡುಕುವುದು ಈ ಚೂರುಗಳನ್ನೇ.

ತಾರವ್ವ ಹೊನ್ನಿಯ ಮುಖ ನೋಡಲಾರದೆ ಹೇಳಿದಳು: “ಆಣಿ ತಪ್ಪಿದೆ, ಮಗಳಾ. ನನ್ನ ಕಡಿಂದ ಆಗವಲ್ದು.”

ಹೊನ್ನಿ ಬೇಲಿಯ ಉದ್ದವನ್ನೆಲ್ಲ ಕಣ್ಣಲ್ಲೇ ಅಳೆದಳು. ಆಮೇಲೆ, “ಸುತ್ತು ಹಾಕಿ ಹೋದ್ರ?” ಎಂದಳು.

“ಭಾಳ ದೂರ. ಸಣ್ಣ ಆಗಿ ಹೋಗ್ತಿ.”

“ನೀ ಉಣಸ್ತೀಯಲ್ಲ?”

ತಾರವ್ವನಿಗೆ ಅಳು ಬಂತು. ಬೇಲಿಗೆ ಸಿಕ್ಕದೆ ಉಳಿದಿದ್ದ ಒಂದೇ ಕೈಯನ್ನು ಹೊಳೆಗೆ ಅದ್ದಿದಳು, ಹೊನ್ನಿಗೆ ಒಂದು ತುತ್ತು ಕೊಟ್ಟಳು. ಬೆರಳ ತುದಿಯಿಂದ ಬೆರಳ ತುದಿಗೆ ಸುದ್ದಿ ಹೋಯಿತು: ನಮ್ಮ ಹುಡುಗಿ ಬರಾಕ ಹತ್ಯಾಳ, ಉಣಸ್ರಿ. ಹೊನ್ನಿ ಬೆಳೆದಳು. ಒಂದು ಅಂಗಳ ದಾಟಿದಳು, ಕೂತಳು, ಉಂಡಳು. ಇನ್ನೊಂದು ಅಂಗಳ ದಾಟಿದಳು, ಕೂತಳು, ಉಂಡಳು.

ಎಷ್ಟೋ ದಿನಗಳ ಮೇಲೆ ಹೊರಗೆ ಅಪ್ಪ ಮಗಳನ್ನು ನೋಡಿ ಬಾಯಿ ತೆರೆದ. “ತುಂ…” ಎಂದ. ಮಗಳು ಅವನ ಬಾಯಿಯ ಹತ್ತಿರ ಕಿವಿ ತಂದಳು. ಹೊರಗೆ ಹಕ್ಕಿ ಸುಮ್ಮನಾಯಿತು, ಗಾಳಿ ಸುಮ್ಮನಾಯಿತು. “…ಬೆ,” ಎಂದ ಅಪ್ಪ.

ಒಳಗೆ ತಾರವ್ವ ನಕ್ಕಳು. ಜೋರಾಗಿ ನಗಲು ತ್ರಾಣವಿರಲಿಲ್ಲ. ಇನ್ನೊಂದು ತುತ್ತಿಗೆ ಕೈಯನ್ನು ಹೊಳೆಗೆ ಅದ್ದಿದಳು.

ಆ ಬೇಲಿ ಈಗಲೂ ಹಾಗೇ ಇದೆ. ಅದಕ್ಕೇ ಮಕ್ಕಳೇ, ತಲೆಗೆ ಪೆಟ್ಟಾದ ನಿಮ್ಮ ಅಜ್ಜ ನಿಮ್ಮನ್ನು ಕಂಡು ಬಾಯಿ ತೆರೆದು, ಹೆಸರು ಸಿಗದೆ ನಿಮ್ಮ ಮುಖವನ್ನೇ ನೋಡುತ್ತ ಕೂತರೆ ಅವಸರ ಮಾಡಬೇಡಿ, ಅವರ ತಲೆಯೊಳಗೂ ಒಬ್ಬಳು ಹೊನ್ನಿ ನಿಮ್ಮ ಹೆಸರು ಹೊತ್ತುಕೊಂಡು ಬೇಲಿ ಸುತ್ತಿ ಬರುತ್ತಿದ್ದಾಳೆ.