ಅಯಸ್ಕಾಂತಕ್ಕೆ ಜಗ್ಗದ ಹಾಳೆ

ಹೊಳೆಯ ದಂಡೆಯ ಮೇಲೊಂದು ಪ್ರಯೋಗಶಾಲೆ. ಜಪವಿಲ್ಲ, ತಪವಿಲ್ಲ, ತಂಪು ಮಾಡುವ ಯಂತ್ರದ ಗುಂಯ್ ಸದ್ದೊಂದೇ ಅಲ್ಲಿನ ಮಂತ್ರ. ಗುರು ಚಂದ್ರಯ್ಯ ಮೇಷ್ಟ್ರು. ಶಿಷ್ಯೆ ವೈಜಯಂತಿ.

ಗ್ರಾಫೈಟಿಗೆ ಟೇಪು ಅಂಟಿಸಿ, ಒಂದೇ ಪರಮಾಣುವಿನಷ್ಟು ತೆಳುವಾದ ಹಾಳೆಗಳನ್ನು ಎಬ್ಬಿಸಿ, ತುಸು ತಿರುಚಿ ಒಂದರ ಮೇಲೊಂದು ಕೂರಿಸುವುದು ಅವಳ ಕೆಲಸ. ಎಷ್ಟೋ ಹರಿದುಹೋಗಿ ಉಳಿದದ್ದು ಒಂದೇ ಒಂದು ಚೂರು. ಅವಳ ಇಷ್ಟು ವರ್ಷದ ಓದೆಲ್ಲ ಅದರ ಮೇಲೇ ನಿಂತಿತ್ತು.

ಅವತ್ತು ಬೆಳಿಗ್ಗೆ, ಕಡುತಂಪಿನಲ್ಲಿ, ಅದರೊಳಗೆ ಕರೆಂಟು ಎಳ್ಳಷ್ಟೂ ತಡೆಯಿಲ್ಲದೆ ಹರಿಯಿತು. ವೈಜಯಂತಿ ಕುಣಿದಾಡಿಬಿಟ್ಟಳು. ಆಮೇಲೆ ಪರೀಕ್ಷಿಸಲೆಂದು ವಿದ್ಯುತ್ ಅಯಸ್ಕಾಂತ ಹಚ್ಚಿದಳು. ಮುಖ ಸಪ್ಪಗಾಯಿತು.

"ಎಲ್ಲಾ ಸುಳ್ಳು ಮೇಷ್ಟ್ರೇ. ಇಲೆಕ್ಟ್ರಾನುಗಳು ಜೋಡಿ ಕಟ್ಟಿದ್ರೆ ತಾನೇ ಕರೆಂಟು ಹೀಗೆ ಹರಿಯೋದು? ಇಷ್ಟು ಅಯಸ್ಕಾಂತಕ್ಕೆ ಜೋಡಿ ಮುರೀಬೇಕು. ಮುರೀತಾನೇ ಇಲ್ಲ! ಎಲ್ಲೋ ತಂತಿಗೆ ತಂತಿ ತಾಗಿ ಕರೆಂಟು ಅಡ್ಡದಾರಿ ಹಿಡಿದಿದೆ. ಯಂತ್ರ ಆರಿಸಿ ಈ ಚೂರನ್ನ ಬಿಸಾಡ್ತೀನಿ."

"ಹೊರಗೆ ತೆಗೆದ್ರೆ ಮತ್ತೆ ಇದು ಸಿಗುತ್ತಾ?"

"ಅನುಮಾನ," ಎನ್ನುತ್ತಾ ಅವಳು ಕಣ್ಣೊರೆಸಿಕೊಂಡಳು.

ಮೇಷ್ಟ್ರು ಉಪ್ಪಿಟ್ಟು ತಿಂದ ತಟ್ಟೆ ತೊಳೆಯಲು ಹೊರಟಿದ್ದರು. "ಅಳೋದು ಆಮೇಲೆ. ಬಾ ಇಲ್ಲಿ," ಎಂದು ಹೊಳೆಗೆ ಕರೆದೊಯ್ದರು.

"ಇದರ ಅಂಚನ್ನ ನೀರಿನ ಸೆಳೆತಕ್ಕೆ ಕೊಟ್ಟು ಹಿಡಿ."

ಹಿಡಿದಳು. ತಟ್ಟೆ ಅಲುಗಲಿಲ್ಲ.

"ಈಗ ಮುಖ ತಿರುಗಿಸು."

ತಿರುಗಿಸಿದಳು. ತಟ್ಟೆ ಕೈಯಿಂದ ಕಿತ್ತುಕೊಂಡು ಹೊಳೆಯ ಪಾಲಾಯಿತು.

"ಅಯ್ಯೋ, ನಿಮ್ಮ ತಟ್ಟೆ!"

"ಹೋಗ್ಲಿ ಬಿಡು, ತೊಳೆಯೋದು ತಪ್ಪಿತು. ನಿನ್ನ ಅಯಸ್ಕಾಂತ ಹಾಳೆಗೆ ಯಾವ ಕಡೆಯಿಂದ ಬಂತು?"

"ಅಂಚಿನ..." ಎಂದವಳೇ ಓಡಿದಳು.

ಯಂತ್ರದೊಳಗೇ ಹಾಳೆಯನ್ನು ಹೊರಳಿಸಿ, ಅಯಸ್ಕಾಂತಕ್ಕೆ ಮುಖ ಕೊಟ್ಟಳು. ಸ್ವಲ್ಪಕ್ಕೇ ಜೋಡಿಗಳು ಮುರಿದು ತಡೆ ಎದ್ದಿತು. ಅಯಸ್ಕಾಂತ ಆರಿಸಿದರೆ ತಡೆ ಮಾಯ! ತಂತಿಯದೇನೂ ತಪ್ಪಿರಲಿಲ್ಲ. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಅಷ್ಟರಲ್ಲಿ ಮೇಷ್ಟ್ರು ಬಂದರು.

"ನಿಜಾನೇ ಮೇಷ್ಟ್ರೇ! ಆದ್ರೆ ಅಂಚಿನಿಂದ ಬಂದ್ರೂ, ಇಷ್ಟು ಜೋರಿಗೆ ಜೋಡಿ ಮುರಿಯಲೇಬೇಕು ಅನ್ನುತ್ತೆ ಪುಸ್ತಕ. ಮತ್ತೆ ಇವನ್ನ ಹಿಡಿದಿಟ್ಟಿರೋದು ಏನು?"

ಮೇಷ್ಟ್ರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು.

"ನನಗೂ ಗೊತ್ತಿಲ್ಲಮ್ಮ. ಅದಕ್ಕೇ ತಾನೇ ಇದನ್ನ ಬಿಸಾಡಬಾರದು!"